ಅಪ್ಪನ ಕಿವಿಗೆ ಇಳಿಸಿದ ಶ್ರುತಿ

ನನ್ನ ಹಾಡುಗಳೆಲ್ಲ ಯಾಕೆ ಅಷ್ಟು ಕೆಳಗಿನ ಶ್ರುತಿಯಲ್ಲಿರುತ್ತವೆ ಎಂದು ಕೇಳದ ಪತ್ರಕರ್ತರಿರಲಿಲ್ಲ. ಸಿನಿಮಾಕ್ಕೆ ಸಂಗೀತ ಮಾಡುವ ಹೆಂಗಸು ಎಂಬುದೇ ಅವರಿಗೆ ಒಂದು ಸುದ್ದಿ. ಆ ಹೆಂಗಸು ನಾಯಕಿಯ ಹಾಡನ್ನೂ ಮಂದ್ರದಲ್ಲೇ ಹಾಡಿಸುತ್ತಾಳೆ ಎಂಬುದು ಇನ್ನೊಂದು ಸುದ್ದಿ. ಒಂದೊಂದು ಸಲ ಒಂದೊಂದು ಉತ್ತರ ಕೊಟ್ಟಿದ್ದೇನೆ. ಒಮ್ಮೆ ‘ಹೆಣ್ಣಿನ ನಿಜವಾದ ದನಿ ಇರುವುದೇ ಆಳದಲ್ಲಿ’ ಎಂದುಬಿಟ್ಟೆ. ಅದು ದಪ್ಪ ಅಕ್ಷರದ ತಲೆಬರಹವಾಯಿತು, ಯಾರೋ ಮಹಿಳಾ ದಿನಾಚರಣೆಯ ಭಾಷಣದಲ್ಲೂ ಬಳಸಿಕೊಂಡರು. ಓದಿ ನನಗೇ ನಗು ತಡೆಯಲಾಗಲಿಲ್ಲ. ನಿಜವಾದ ಕಾರಣ ನಮ್ಮಪ್ಪ, ಮತ್ತು ಅವನ ಅಂಗಿ ಜೇಬಿನಲ್ಲಿ ಸದಾ ಇರುತ್ತಿದ್ದ ಒಂದು ಸ್ಕ್ರೂಡ್ರೈವರ್. ಅದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಅಪ್ಪ ಸರ್ಕಾರಿ ಯಂತ್ರ ಕಾರ್ಖಾನೆಯೊಂದರ ಟೆಸ್ಟಿಂಗ್ ವಿಭಾಗದಲ್ಲಿ ಫಿಟ್ಟರ್ ಆಗಿದ್ದ. ಹೊಸದಾಗಿ ಜೋಡಿಸಿದ ಯಂತ್ರ ಗೇಟು ದಾಟುವ ಮೊದಲು ಅದನ್ನು ಗಂಟೆಗಟ್ಟಲೆ ಓಡಿಸಿ, ಒಳಗಿನ ಬೇರಿಂಗುಗಳು ಸರಿಯಾಗಿ ಕೂತಿವೆಯೋ ಇಲ್ಲವೋ ಎಂದು ಹೇಳುವುದು ಅವನ ಕೆಲಸ. ಅದಕ್ಕೆ ಮೀಟರುಗಳಿದ್ದವು. ಆದರೆ ಅವನ ಕಾಲದ ಫಿಟ್ಟರುಗಳು ನಂಬುತ್ತಿದ್ದದ್ದು ಸ್ಕ್ರೂಡ್ರೈವರನ್ನು. ಅದರ ತುದಿಯನ್ನು ಓಡುತ್ತಿರುವ ಯಂತ್ರದ ಮೈಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿಕೊಂಡರೆ ಶೆಡ್ಡಿನ ಗದ್ದಲವೆಲ್ಲ ಹಿಂದೆ ಸರಿದು, ಆ ಒಂದು ಬೇರಿಂಗಿನ ಸದ್ದು ಮಾತ್ರ ತಲೆಯೊಳಗೆ ಬರುತ್ತದಂತೆ. ಮನೆಯಲ್ಲೂ ಅಪ್ಪನಿಗೆ ಅದೇ ಚಟ. ಮಿಕ್ಸಿಗೆ ಇಟ್ಟು ಕೇಳುತ್ತಿದ್ದ, ಫ್ಯಾನಿಗೆ ಇಟ್ಟು ಕೇಳುತ್ತಿದ್ದ, ಪಕ್ಕದ ಮನೆಯವರ ಸ್ಕೂಟರಿಗೂ ಅವರನ್ನು ಕೇಳದೆಯೇ ಇಡುತ್ತಿದ್ದ. ‘ಇನ್ನಾರು ತಿಂಗಳು ಬರತ್ತೆ’ ಎಂದರೆ ಆರು ತಿಂಗಳಿಗೆ ಸರಿಯಾಗಿ ಅದು ಕೈಕೊಡುತ್ತಿತ್ತು.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಯಾರೋ ಬಳಸಿ ಬಿಟ್ಟ ಹಾರ್ಮೋನಿಯಂ ಮನೆಗೆ ಬಂತು. ನಾನು ಸರಳೆ ನುಡಿಸುತ್ತಿದ್ದರೆ ಅಪ್ಪ ಅದರ ಪೆಟ್ಟಿಗೆಗೂ ಸ್ಕ್ರೂಡ್ರೈವರ್ ಇಟ್ಟುಕೊಂಡು ಕಣ್ಣುಮುಚ್ಚಿ ಕೂರುತ್ತಿದ್ದ.

‘ಇದೂ ಮಷೀನೇ ಕಣಮ್ಮ. ಉಸಿರಾಡೋ ಮಷೀನು’ ಎನ್ನುತ್ತಿದ್ದ.

ಪೀಣ್ಯದ ಪಕ್ಕದ ರಾಜಗೋಪಾಲನಗರದಲ್ಲಿ ನಮ್ಮ ಮನೆ. ಕೆಳಗೆ ಬಾಡಿಗೆಗೆ ಕೊಟ್ಟ ಲೇತ್ ಶೆಡ್, ಮೇಲೆ ನಾವು, ನಮ್ಮ ಮೇಲೆ ತಾರಸಿಯಲ್ಲಿ ಒಂದು ಕೋಣೆ. ಆ ಕೋಣೆಯ ಗೋಡೆಗೆಲ್ಲ ಮೊಟ್ಟೆಯ ಟ್ರೇಗಳನ್ನು ಅಂಟಿಸಿ ನಾನು ಸ್ಟುಡಿಯೋ ಎಂದು ಹೆಸರಿಟ್ಟಿದ್ದೆ. ಲೇತ್ ನಿಲ್ಲುತ್ತಿದ್ದದ್ದು ಮಧ್ಯಾಹ್ನ ಊಟದ ಅರ್ಧ ಗಂಟೆ ಮಾತ್ರ. ನನ್ನ ರೆಕಾರ್ಡಿಂಗುಗಳೆಲ್ಲ ಆ ಅರ್ಧ ಗಂಟೆಯಲ್ಲೇ ಆಗಬೇಕಿತ್ತು. ಹಾಡುವವರಿಗೆ ಹೊಟ್ಟೆ ಚುರುಗುಟ್ಟುವ ಹೊತ್ತು. ಹಸಿವಿನಲ್ಲಿ ದನಿ ಚೆನ್ನಾಗಿ ಬರುತ್ತದೆ ಎಂದು ನಾನೇ ಒಂದು ಶಾಸ್ತ್ರ ಹುಟ್ಟುಹಾಕಿದ್ದೆ.

ನನ್ನ ವೃತ್ತಿ ಶುರುವಾದದ್ದು ಕಾರ್ಖಾನೆಗಳ ಗೇಟಿನ ಮುಂದೆ. ಪೀಣ್ಯದಲ್ಲಿ ರಾಜ್ಯೋತ್ಸವ ಎಂದರೆ ಒಂದು ದಿನದ್ದಲ್ಲ, ಇಡೀ ನವೆಂಬರ್ ತಿಂಗಳದ್ದು. ಇವತ್ತು ಈ ಕಾರ್ಖಾನೆ, ನಾಳೆ ಆ ಕಾರ್ಖಾನೆ: ಶಾಮಿಯಾನ, ಬಾವುಟ, ಮುಗಿಯದ ಭಾಷಣ, ಕೊನೆಗೆ ಆರ್ಕೆಸ್ಟ್ರಾ. ನಾನು ಕೀಬೋರ್ಡ್ ನುಡಿಸುತ್ತಿದ್ದೆ. ‘ಆ ಹುಡುಗಿ ಯಾವಾಗ ಹಾಡ್ತಾಳೆ ಗುರು?’ ಎಂದು ಮುಂದಿನ ಸಾಲಿನವರು ಕೊನೆಯವರೆಗೂ ಕಾಯುತ್ತಿದ್ದರು. ವೇದಿಕೆ ಹತ್ತಿದ ಹುಡುಗಿ ಹಾಡದೆ ಹೋಗುವುದು ಅವರಿಗೆ ಮೋಸ ಮಾಡಿದಂತೆ. ಅಲ್ಲಿಗೆ ಮುಖ್ಯ ಅತಿಥಿಯಾಗಿ ಬಂದಿದ್ದ ಸಂಗೀತ ನಿರ್ದೇಶಕರೊಬ್ಬರು ನನ್ನನ್ನು ಸಹಾಯಕಿಯಾಗಿ ಸೇರಿಸಿಕೊಂಡರು. ಅವರ ಹೆಸರಿನಲ್ಲಿ ಬಂದ ಎಷ್ಟೋ ಹಾಡುಗಳ ನಡುವಿನ ಸಂಗೀತ ನನ್ನದು ಎಂದು ಈಗ ಹೇಳಿಕೊಂಡರೆ ಸಣ್ಣತನವಾಗುತ್ತದೆ. ಹೇಳಿಕೊಳ್ಳದಿದ್ದರೆ ಹೊಟ್ಟೆನೋವು ಬರುತ್ತದೆ. ಹಾಗಾಗಿ ಒಂದು ಸಲ ಹೇಳಿ ಮುಂದೆ ಹೋಗುತ್ತಿದ್ದೇನೆ.

ಆಮೇಲೆ ನನ್ನದೇ ಮೊದಲ ಚಿತ್ರ ಸಿಕ್ಕಿತು. ಬಾಡಿಗೆ ಸ್ಟುಡಿಯೋದಲ್ಲಿ ಸ್ವರದ ಹಾಳೆ ಹಿಡಿದು ನಿಂತಿದ್ದ ನನ್ನನ್ನೇ ತಬಲಾದವರು ‘ಮ್ಯೂಸಿಕ್ ಡೈರೆಕ್ಟರ್ ಎಷ್ಟೊತ್ತಿಗೆ ಬರ್ತಾರೆ ಮೇಡಂ?’ ಎಂದು ಕೇಳಿದರು. ‘ಬಂದಿದಾರೆ, ನಿಮ್ಮ ತಬಲಾ ಶ್ರುತಿಯಾಗೋದನ್ನೇ ಕಾಯ್ತಿದಾರೆ’ ಎಂದೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಆ ಚಿತ್ರದಲ್ಲಿ ನನಗೆ ನಿಜವಾಗಿ ಹೆಮ್ಮೆಯಿದ್ದದ್ದು ಒಂದೇ ಹಾಡಿನ ಬಗ್ಗೆ. ಪಲ್ಲವಿ ಮುಗಿದು ಚರಣ ಶುರುವಾಗುವ ಮೊದಲು ಉಳಿದ ವಾದ್ಯಗಳನ್ನೆಲ್ಲ ನಿಲ್ಲಿಸಿ, ಒಂದು ಪುಟ್ಟ ಕೊಳಲು ಮತ್ತು ಸಣ್ಣ ಗಂಟೆಗಳು ಮಾತ್ರ, ತಾರಸ್ಥಾಯಿಯ ತುತ್ತತುದಿಯಲ್ಲಿ, ಎಂಟು ಆವರ್ತದಷ್ಟು ಹೊತ್ತು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವಂತೆ ಮಾಡಿದ್ದೆ. ಸಿ.ಡಿ. ಕೈಗೆ ಬಂದ ದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಹಾಕಿದೆ. ಅಮ್ಮ ಸೌಟು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅಪ್ಪ ಉಪ್ಪಿಟ್ಟಿನ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಪೂರ್ತಿ ಕೇಳಿದ.

‘ಚೆನ್ನಾಗಿದೆ’ ಎಂದ. ‘ಆದ್ರೆ ಮಧ್ಯ ಯಾಕಮ್ಮ ಅಷ್ಟೊತ್ತು ಖಾಲಿ ಓಡ್ಸಿದೀಯ?’

‘ಖಾಲಿನಾ?’

‘ಹೂಂ. ಲೋಡೇ ಇಲ್ದೆ ಮಷೀನ್ ತಿರುಗ್ತಿರತ್ತಲ್ಲ, ಹಂಗೆ.’

ಮೂರು ದಿನ ಮುಖ ಊದಿಸಿಕೊಂಡಿದ್ದೆ. ಬೇರೆ ಯಾರಾದರೂ ಹೇಳಿದ್ದರೆ ಗಾಳಿಗೆ ಬಿಡುತ್ತಿದ್ದೆ. ಆದರೆ ಇದು ಕಬ್ಬಿಣದೊಳಗಿನ ಗುಂಡಿನ ಸದ್ದು ಹಿಡಿಯುವ ಕಿವಿ. ಅದಕ್ಕೆ ಖಾಲಿ ಎನಿಸಿದರೆ ಅದು ಖಾಲಿಯೇ ಇರಬೇಕು ಎಂದು ನಾನು ನಂಬಿದೆ. ಹೊರಗಿನವರಾಗಿದ್ದರೆ ಈ ಮನುಷ್ಯನ ಕಿವಿಯನ್ನು ಒಮ್ಮೆ ಡಾಕ್ಟರಿಗೆ ತೋರಿಸಿ ಎನ್ನುತ್ತಿದ್ದರೇನೋ. ನಮ್ಮ ಬೀದಿಯಲ್ಲಿ ಅದು ಯಾರಿಗೂ ಹೊಳೆಯುವ ಮಾತಲ್ಲ. ಅಲ್ಲಿ ಎಲ್ಲರ ಮನೆಯ ಟಿ.ವಿ.ಯೂ ಬೀದಿಗೆ ಕೇಳುತ್ತಿತ್ತು, ಎಲ್ಲ ಗಂಡಸರೂ ಕೂಗಿಯೇ ಮಾತಾಡುತ್ತಿದ್ದರು, ಎಲ್ಲ ಹೆಂಗಸರೂ ಗಂಡನನ್ನು ಎರಡೆರಡು ಸಲ ಕರೆಯುತ್ತಿದ್ದರು. ಅದು ಕಾರ್ಖಾನೆಯವರ ರೂಢಿ ಎಂದೇ ನಮ್ಮ ಲೆಕ್ಕ. ಕಾರ್ಖಾನೆಯಲ್ಲಿ ಕಿವಿಗಿಟ್ಟುಕೊಳ್ಳಲು ಕೊಟ್ಟ ಹತ್ತಿಯನ್ನು ಅಪ್ಪ ಮನೆಗೆ ತಂದು ಅಮ್ಮನಿಗೆ ದೀಪದ ಬತ್ತಿಗೆ ಕೊಡುತ್ತಿದ್ದ. ಮೂವತ್ತು ವರ್ಷ ನಮ್ಮ ದೇವರ ಮುಂದೆ ಆ ಹತ್ತಿಯೇ ಉರಿಯಿತು.

ಎರಡನೇ ಚಿತ್ರಕ್ಕೆ ನಾನು ಗಂಟೆಗಳನ್ನು ಮುಟ್ಟಲಿಲ್ಲ. ಕೊಳಲೆಂದರೆ ದೊಡ್ಡ ಕೊಳಲು, ಪಿಟೀಲಿನ ಜಾಗದಲ್ಲಿ ಅದರ ದಪ್ಪ ದನಿಯ ಅಣ್ಣ ಚೆಲ್ಲೊ, ವೀಣೆಯಲ್ಲಿ ಮಂದ್ರದ ತಂತಿ. ನಮ್ಮಲ್ಲಿ ಶ್ರುತಿಯನ್ನು ಮನೆಗಳಲ್ಲಿ ಎಣಿಸುತ್ತಾರೆ, ಹಾರ್ಮೋನಿಯಂನ ಒಂದೊಂದು ಬಿಳಿ ಕೀಲಿಗೆ ಒಂದೊಂದು ಮನೆ, ನಡುವಿನ ಕಪ್ಪು ಕೀಲಿಗೆ ಅರ್ಧ. ಐದೂವರೆ ಮನೆಯಲ್ಲಿ ಸಲೀಸಾಗಿ ಹಾಡುವ ಗಾಯಕಿಯನ್ನು ನಾಲ್ಕಕ್ಕೆ ಇಳಿಸಿದೆ. ತಾರಸಿಯ ಕೋಣೆಯಲ್ಲಿ ಅದನ್ನು ಕೇಳಿಸಿದಾಗ ಅಪ್ಪನ ಬಲಗಾಲಿನ ಹೆಬ್ಬೆರಳು ನೆಲವನ್ನು ತಟ್ಟತೊಡಗಿತು. ಒಂದು ತಾಳವೂ ತಪ್ಪಲಿಲ್ಲ. ಆ ಹೆಬ್ಬೆರಳಿನ ಹುಚ್ಚು ನನಗೆ ಹತ್ತಿದ್ದು ಅವತ್ತು. ಆಮೇಲೆ ಬಂದ ವಿಮರ್ಶೆ, ಪ್ರಶಸ್ತಿ, ‘ಗಾಂಧಿನಗರದಲ್ಲಿ ಮಂದ್ರದ ಹೊಸ ದನಿ’ ಎಂಬಂಥ ಮಾತು ಯಾವುದೂ ನನಗೆ ಆ ಬೆರಳಿನಷ್ಟು ರುಚಿಸಲಿಲ್ಲ.

ಮೂರು ಚಿತ್ರಗಳಾದ ಮೇಲೆ, ನಿವೃತ್ತ ಕಾರ್ಮಿಕರ ಸಂಘದವರು ಒಂದು ಭಾನುವಾರ ಆರೋಗ್ಯ ತಪಾಸಣೆ ಇಟ್ಟಿದ್ದರು. ಸಕ್ಕರೆ ಕಾಯಿಲೆ ನೋಡಿಸಲೆಂದು ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಸಾಲು ಚಿಕ್ಕದಿತ್ತೆಂದು ಕಿವಿಯ ಪರೀಕ್ಷೆಗೂ ಕೂರಿಸಿದೆ. ಪರೀಕ್ಷೆ ಮಾಡಿದ ಹುಡುಗಿ ಹೊರಬಂದು ನನ್ನ ಕೈಗೆ ಒಂದು ಹಾಳೆ ಕೊಟ್ಟಳು. ಅದರಲ್ಲಿ ಒಂದು ಗೆರೆ ಎಡಗಡೆಯಿಂದ ಸಮವಾಗಿ ಹೊರಟು, ಅರ್ಧ ದಾರಿಯಲ್ಲಿ ಬಾವಿಗೆ ಬಿದ್ದಂತೆ ಕೆಳಗಿಳಿದಿತ್ತು.

‘ಈ ಕಡೆ ದಪ್ಪ ಸೌಂಡು, ಆ ಕಡೆ ಸಣ್ಣ ಸೌಂಡು ಮೇಡಂ’ ಎಂದಳು. ‘ಸಣ್ಣದು ಯಾವುದೂ ಇವರಿಗೆ ಕೇಳಿಸ್ತಾ ಇಲ್ಲ. ಬಹಳ ವರ್ಷದಿಂದ ಇರತ್ತೆ. ಇನ್ನೂ ಇಳೀತಾ ಹೋಗತ್ತೆ.’

ನಾನು ಆ ಗೆರೆಯನ್ನು ನೋಡುತ್ತ ನಿಂತೆ. ಅದು ಬೀಳುವ ಜಾಗದ ಆಚೆ ನನ್ನ ಪುಟ್ಟ ಕೊಳಲಿತ್ತು, ಗಂಟೆಗಳಿದ್ದವು, ಅಮ್ಮನ ಬಳೆಯ ಸದ್ದಿತ್ತು. ನಾಚಿಕೆಯಾಯಿತು. ಆರತಿಯ ಗಂಟೆ ಅಲ್ಲಾಡಿಸುವಾಗ ಅಪ್ಪ ಯಾವಾಗಲೂ ನಮ್ಮ ಮುಖ ನೋಡುತ್ತಿದ್ದ. ಅದನ್ನು ನಾನು ಭಕ್ತಿಯ ಕೊರತೆ ಎಂದು ತಮಾಷೆ ಮಾಡಿದ್ದೆ. ಸಂಗೀತದ ಮೇಲೆ ಬದುಕುವವಳು, ಪಕ್ಕದಲ್ಲಿ ಕೂತು ಊಟ ಮಾಡುವವನ ಕಿವಿ ಹೋಗಿದ್ದು ತಿಳಿಯದೆ, ಅವನು ನನ್ನನ್ನು ಟೀಕಿಸಿದ ಎಂದು ಮೂರು ದಿನ ಮಾತು ಬಿಟ್ಟಿದ್ದೆ. ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿ, ಸಣ್ಣ ಸದ್ದಿನ ಮಾತೆತ್ತದೆ, ‘ವಯಸ್ಸಾದ್ಮೇಲೆ ಎಲ್ಲರಿಗೂ ಹಿಂಗೇ ಅಂತಪ್ಪ’ ಎಂದೆ. ಅಪ್ಪ ತಲೆಯಾಡಿಸಿದ. ಕಿವಿಗಿಡುವ ಯಂತ್ರ ತರಿಸಿದರೆ, ಫ್ಯಾನಿನ ಸದ್ದು ತಲೆಗೆ ಹೊಡೆಯುತ್ತದೆಂದು ಎರಡೇ ದಿನಕ್ಕೆ ಡಬ್ಬಿಗೆ ಸೇರಿಸಿದ.

ಅಂದಿನಿಂದ ನಾನು ಗೊತ್ತಿದ್ದೇ ಇಳಿಸತೊಡಗಿದೆ. ಅಪ್ಪನ ಗೆರೆ ಇಳಿದಷ್ಟೂ ನನ್ನ ಶ್ರುತಿಯೂ ಇಳಿಯಿತು. ನಾಲ್ಕಿದ್ದದ್ದು ಕೊನೆಗೆ ಮೂರಾಯಿತು. ಕೆಲವು ಗಾಯಕಿಯರು ನನ್ನ ಹಾಡೆಂದರೆ ಗಂಟಲು ನೋವಿನ ನೆಪ ಹೇಳತೊಡಗಿದರು. ನಾನು ಬಗ್ಗಲಿಲ್ಲ. ಅಪ್ಪ ಇರುವಷ್ಟು ದಿನ ನನ್ನ ಒಂದೊಂದು ಹಾಡೂ ಅವನಿಗೆ ಕೇಳಿಸಬೇಕು, ಅಷ್ಟೇ ನನ್ನ ಹಟ.

ತುಮಕೂರು ರಸ್ತೆಯುದ್ದಕ್ಕೂ ಮೆಟ್ರೊ ಕಂಬಗಳು ಏಳುತ್ತಿದ್ದ ವರ್ಷಗಳಲ್ಲಿ ನನಗೊಂದು ದೊಡ್ಡ ಚಿತ್ರ ಸಿಕ್ಕಿತು. ನಿರ್ಮಾಪಕರ ಕಚೇರಿ ವೈಟ್‌ಫೀಲ್ಡಿನಲ್ಲಿ. ಪೀಣ್ಯದಿಂದ ಅಲ್ಲಿಗೆ ಹೋಗಿಬರುವಷ್ಟರಲ್ಲಿ ಒಂದು ಇಡೀ ದಿನ ಹೋಗುತ್ತಿತ್ತು. ತಾಯಿಯಾಗಲಿರುವ ನಾಯಕಿ ಹಾಡುವ ಹಾಡೊಂದನ್ನು ಮೂರು ಮನೆಯಲ್ಲಿ ಮಾಡಿಕೊಂಡು ಹೋಗಿ ಕೇಳಿಸಿದೆ. ನಿರ್ದೇಶಕರಿಗೆ ಹಿಡಿಸಿತು. ಹಾಡಿನ ಹಕ್ಕು ಕೊಳ್ಳುವ ಕಂಪನಿಯವರು ಮಾತ್ರ ಸ್ಪೀಕರ್ ಆರಿಸಿ, ಅದನ್ನು ತಮ್ಮ ಮೊಬೈಲಿಗೆ ಹಾಕಿಕೊಂಡು ಮೇಜಿನ ಮೇಲಿಟ್ಟರು. ಆ ಪುಟ್ಟ ತೂತಿನಿಂದ ತಾಳದ ಟಿಕ್ ಟಿಕ್ ಮಾತ್ರ ಬಂತು. ಚೆಲ್ಲೊ ಇಲ್ಲ, ವೀಣೆ ಇಲ್ಲ, ಹಾಡೇ ಇಲ್ಲದಂತಿತ್ತು.

‘ಈಗ ಜನ ಹಾಡು ಕೇಳೋದೇ ಇದರಲ್ಲಿ ಮೇಡಂ’ ಎಂದರು. ‘ಕಾಲರ್ ಟ್ಯೂನ್ ಆಗ್ಬೇಕು. ಎರಡೂವರೆ ಮನೆ ಮೇಲೆ ತಗೊಳ್ಳಿ, ಸಕ್ಕತ್ತಾಗಿರತ್ತೆ.’

‘ನನ್ನ ಶೈಲಿ ಬೇಕು ಅಂತ ತಾನೇ ಕರೆದಿದ್ದು?’

‘ಶೈಲಿ ಇರ್ಲಿ ಮೇಡಂ. ಕೇಳಿಸ್ಬೇಕಲ್ಲ.’

ಒಂದು ವಾರ ಸಮಯ ಕೊಟ್ಟರು. ಮೇಲೆತ್ತದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂಬುದನ್ನು ಕಾಫಿ ಕೊಡುತ್ತ ಮೆಲ್ಲಗೆ ಹೇಳಿದರು. ಬಸ್ಸಿನಲ್ಲಿ ಬರುವಾಗ ಕಾರ್ಪೊರೇಷನ್ ಸರ್ಕಲ್ ತನಕ ಮನಸ್ಸಿನಲ್ಲೇ ಅವರಿಗೆ ಬೈದೆ. ಅಲ್ಲಿಂದ ಈಚೆಗೆ ಅಳು ಬಂತು. ಫೋನಿಗೆ ಸಣ್ಣ ಸದ್ದು ಬಿಟ್ಟರೆ ಬೇರೆ ಕೇಳಿಸುವುದಿಲ್ಲ, ಅಪ್ಪನಿಗೆ ದಪ್ಪ ಸದ್ದು ಬಿಟ್ಟರೆ ಬೇರೆ ಕೇಳಿಸುವುದಿಲ್ಲ. ನಡುವೆ ನಾನು. ನಿರ್ಧಾರ ಮಾಡಿಬಿಟ್ಟೆ: ಮೂರರಲ್ಲೇ ಒಬ್ಬ ಒಳ್ಳೆಯ ಗಾಯಕಿಯಿಂದ ಹಾಡಿಸಿ ಕಳಿಸುತ್ತೇನೆ, ಒಪ್ಪಿದರೆ ಒಪ್ಪಲಿ, ಬಿಟ್ಟರೆ ಬಿಡಲಿ.

ಕಾಡುಗೋಡಿಯಿಂದ ಒಬ್ಬ ಹೊಸ ಹುಡುಗಿ ಬಂದಳು. ಮೇಲಕ್ಕೆ ಹೋದಷ್ಟೂ ಅರಳುವ ದನಿ. ಲೇತ್ ನಿಂತ ಆ ಅರ್ಧ ಗಂಟೆಯಲ್ಲಿ, ನಾನು ಹೇಳಿದ ಮೂರು ಮನೆಯಲ್ಲಿ, ಪಾಪ, ಕತ್ತು ಬಗ್ಗಿಸಿಕೊಂಡು ಹಾಡಿದಳು. ಅವಳು ಊಟಕ್ಕೆಂದು ಕೆಳಗೆ ಅಮ್ಮನ ಹತ್ತಿರ ಹೋದ ಮೇಲೆ ಅಪ್ಪನನ್ನು ಕರೆದು ಕೂರಿಸಿ ಹಾಡು ಹಾಕಿದೆ.

ಹೆಬ್ಬೆರಳು ಅಲ್ಲಾಡಲಿಲ್ಲ. ಅಪ್ಪ ಎದ್ದು, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಸ್ಪೀಕರಿನ ಮರದ ಪೆಟ್ಟಿಗೆಗೆ ತುದಿ ಒತ್ತಿ, ಹಿಡಿಯನ್ನು ಕಿವಿಯ ಹಿಂದೆ ಇಟ್ಟುಕೊಂಡ. ಹಾಡು ಮುಗಿಯುವವರೆಗೂ ಹಾಗೇ ಬಗ್ಗಿ ನಿಂತಿದ್ದ.

‘ಈ ಮಗು ಒದ್ದಾಡ್ತಾ ಇದೆ ಕಣಮ್ಮ’ ಎಂದ. ‘ಗ್ರೀಸ್ ಒಣಗಿರೋ ಬೇರಿಂಗ್ ಥರ ಅದುರ್ತಾ ಇದೆ. ಇದು ಅದರ ಸ್ಪೀಡಲ್ಲ. ಮೇಲಕ್ಕೆ ಬಿಡು ಅದನ್ನ.’

‘ಮೇಲಕ್ಕೆ ಬಿಟ್ರೆ...’ ಎಂದು ನಿಲ್ಲಿಸಿದೆ.

‘ಬಿಟ್ರೆ ನಂಗೆ ಕೇಳ್ಸಲ್ಲ. ಗೊತ್ತು.’

ಸಣ್ಣ ಸದ್ದು ಕೇಳಿಸುವುದಿಲ್ಲ ಎಂದು ಯಾವಾಗಿಂದ ಗೊತ್ತು ಎಂದು ಕೇಳಿದೆ. ಅಪ್ಪ ಸ್ಕ್ರೂಡ್ರೈವರನ್ನು ಅಂಗಿಯ ಅಂಚಿನಿಂದ ಒರೆಸುತ್ತ ಕೂತ.

‘ನಿನ್ನ ಮೊದಲನೇ ಪಿಚ್ಚರ್ ನೋಡಕ್ಕೆ ಹೋಗಿದ್ವಲ್ಲ, ಅವತ್ತಿಂದ. ಆ ಖಾಲಿ ಜಾಗ ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಕಣ್ಮುಚ್ಕೊಂಡು ತಲೆ ಆಡಿಸ್ತಾ ಇದ್ಲು. ಮುಂದಿನ ಸಾಲಲ್ಲೂ ಆಡಿಸ್ತಾ ಇದ್ರು. ಖಾಲಿಗೆ ಯಾರಮ್ಮ ತಲೆ ಆಡಿಸ್ತಾರೆ?’

‘ಮತ್ತೆ ಯಾಕಪ್ಪ ಹೇಳ್ಲಿಲ್ಲ, ಇಷ್ಟು ವರ್ಷ?’

‘ಹೇಳ್ಬೇಕು ಅನ್ನೋಷ್ಟರಲ್ಲಿ ನೀನು ಇಳಿಸ್ಕೊಂಡು ಬಂದೆ. ನಂಗೆ ಕೇಳಿಸ್ತು. ಪ್ರತಿ ಸಲ ಇದೊಂದು ಕೇಳ್ಬಿಡೋಣ, ಆಮೇಲೆ ಹೇಳೋಣ ಅನ್ಕೊಂಡೆ. ಆಸೆ ಕಣಮ್ಮ. ತಪ್ಪು ನಂದೇ.’

ನಾನು ಅವನ ಮಂಡಿಯ ಮೇಲೆ ತಲೆಯಿಟ್ಟು ಅತ್ತೆ. ಕೆಳಗೆ ಲೇತ್ ಮತ್ತೆ ಶುರುವಾಯಿತು, ನೆಲ ಅದುರತೊಡಗಿತು. ‘ನೋಡು, ಟೈಮಿಗೆ ಸರಿಯಾಗಿ ಬಂದ್ಬಿಟ್ರು’ ಎಂದ ಅಪ್ಪ.

ಮಾರನೆಯ ಮಧ್ಯಾಹ್ನ ಆ ಹುಡುಗಿಯನ್ನು ಐದೂವರೆ ಮನೆಗೆ ಹತ್ತಿಸಿದೆ. ಒಂದೇ ಸಲಕ್ಕೆ ಹಾಡಿ ಮುಗಿಸಿದಳು. ಮುಗಿಸಿದವಳೇ ತನ್ನ ದನಿಗೆ ತಾನೇ ಬೆರಗಾದಂತೆ ಬಾಯಿಗೆ ಕೈ ಇಟ್ಟುಕೊಂಡಳು. ಅಷ್ಟು ಒಳ್ಳೆಯ ಹಾಡು ನಾನು ಅದಕ್ಕೆ ಮೊದಲು ಮಾಡಿರಲಿಲ್ಲ ಎಂಬುದು ಕೇಳುತ್ತಿದ್ದಂತೆ ಗೊತ್ತಾಯಿತು. ಖುಷಿಯಾಯಿತು, ಸಂಕಟವೂ ಆಯಿತು. ಪಲ್ಲವಿ, ಚರಣಗಳ ನಡುವೆ ಏನು ಹಾಕುವುದು ಎಂದು ಎರಡು ದಿನ ಯೋಚಿಸಿ, ಮೊದಲ ಚಿತ್ರದ ನಂತರ ಮುಟ್ಟದಿದ್ದ ಪುಟ್ಟ ಕೊಳಲನ್ನೂ ಸಣ್ಣ ಗಂಟೆಗಳನ್ನೂ ವಾಪಸು ಕರೆದೆ. ಆ ಜಾಗ ಅವುಗಳನ್ನೇ ಕೇಳುತ್ತಿತ್ತು. ಆ ಹಾಡನ್ನು ಅಪ್ಪನಿಗೆ ತಾರಸಿಯ ಕೋಣೆಯಲ್ಲಿ ಕೇಳಿಸಲಿಲ್ಲ. ಅವನೂ ಕೇಳಿಸು ಎನ್ನಲಿಲ್ಲ.

ಚಿತ್ರ ಬಿಡುಗಡೆಯಾದಾಗ ವೈಟ್‌ಫೀಲ್ಡಿನ ಮಾಲ್ ಒಂದರಲ್ಲಿ ನಮಗೆಲ್ಲ ಮ್ಯಾಟಿನಿ ಪ್ರದರ್ಶನ ಇಟ್ಟಿದ್ದರು. ಅಮ್ಮ ಮದುವೆ ಮನೆಗೆ ಹೊರಟವಳಂತೆ ಸಿದ್ಧಳಾದಳು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡ. ಬಾಗಿಲಲ್ಲಿ ತಪಾಸಣೆಯ ಗಾರ್ಡ್ ಅವನ ಜೇಬಿನ ಮೇಲೆ ಆಡಿಸಿದ ಯಂತ್ರ ಕುಯ್ಯೆಂದಿತು. ಆ ಸದ್ದಿಗೆ ಸುತ್ತಲಿನ ಎಲ್ಲರೂ ತಿರುಗಿದರು, ಅಪ್ಪನೊಬ್ಬನನ್ನು ಬಿಟ್ಟು. ಗಾರ್ಡ್ ಸ್ಕ್ರೂಡ್ರೈವರ್ ಹೊರಗೆಳೆದ. ಅವನು ಉತ್ತರ ಕರ್ನಾಟಕದ ಕಡೆಯವನು.

‘ಇದನ್ನ ಒಳಗ ಬಿಡಂಗಿಲ್ರೀ ಸಾರ್. ಹೋಗಬೇಕಾದ್ರ ತಗೊಂಡ್ ಹೋಗ್ರಿ.’

ನಾನು ಸಂಗೀತ ನಿರ್ದೇಶಕಿ, ಇವರು ನನ್ನ ತಂದೆ ಎಂದೆಲ್ಲ ಹೇಳಿದೆ, ದನಿಯೇರಿಸಿದೆ. ಅವನು ತನ್ನ ಕೆಲಸ ಮಾಡುತ್ತಿದ್ದ. ಅಪ್ಪ ‘ಬಿಡಮ್ಮ’ ಎಂದು ನನ್ನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದ. ಮುಂದಿನ ಕುರ್ಚಿಯ ಕಬ್ಬಿಣದ ಬೆನ್ನಿಗೋ ನೆಲಕ್ಕೋ ಅದನ್ನು ಆನಿಸಿಕೊಂಡು ಏನಾದರೂ ಹಿಡಿಯುವ ಆಸೆ ಅವನಿಗಿತ್ತು ಎಂದು ನನಗೆ ಅರ್ಥವಾಯಿತು. ಸಾಲಿನಲ್ಲಿ ಕೂತ ಮೇಲೆ ಅವನ ಕೈ ಎರಡು ಸಲ ಖಾಲಿ ಜೇಬನ್ನು ಮುಟ್ಟಿ ನೋಡಿಕೊಂಡಿತು.

ಹಾಡು ಬಂತು. ತೆರೆಯ ಮೇಲೆ ನಾಯಕಿ ತುಟಿ ತೆರೆದಳು, ಆ ಹುಡುಗಿಯ ದನಿ ಇಡೀ ಹಾಲನ್ನು ತುಂಬಿತು. ಅಪ್ಪ ನೆಟ್ಟಗೆ ಕೂತು ಅಕ್ಕಪಕ್ಕದವರ ಮುಖ ನೋಡತೊಡಗಿದ, ಆರತಿಯ ಹೊತ್ತಿನಲ್ಲಿ ನಮ್ಮ ಮುಖ ನೋಡುತ್ತಿದ್ದಂತೆ. ಅದನ್ನು ನನ್ನಿಂದ ನೋಡಲಾಗಲಿಲ್ಲ. ಅವನ ಕಡೆಗೆ ವಾಲಿ, ನನ್ನ ಗದ್ದವನ್ನು ಅವನ ಕಿವಿಯ ಹಿಂದಿನ ಮೂಳೆಗೆ ಒತ್ತಿಟ್ಟು, ಆ ಹಾಡನ್ನೇ ಮೂರು ಮನೆಯಲ್ಲಿ, ಬಾಯಿ ಮುಚ್ಚಿಕೊಂಡು ಗುನುಗತೊಡಗಿದೆ. ಹಾಲಿಗೆಲ್ಲ ಐದೂವರೆಯಲ್ಲಿ, ಅಪ್ಪನಿಗೆ ಮೂರರಲ್ಲಿ. ಹಿಂದಿನ ಸಾಲಿನಿಂದ ಯಾರೋ ‘ಉಶ್’ ಎಂದರು. ಅಮ್ಮ ತಿರುಗಿ ಅವರನ್ನು ನೋಡಿದ ರೀತಿಗೆ ಮತ್ತೆ ಯಾರೂ ಉಸಿರೆತ್ತಲಿಲ್ಲ.

ಪಲ್ಲವಿ ಮುಗಿಯಿತು. ವಾದ್ಯಗಳೆಲ್ಲ ನಿಂತು ಪುಟ್ಟ ಕೊಳಲು ಶುರುವಾಯಿತು. ಅದನ್ನೂ ಗುನುಗಿದೆ, ಗಂಟೆಗಳ ಮಾತನ್ನೂ ಗುನುಗಿದೆ, ಒಂದು ಸ್ವರವನ್ನೂ ಬಿಡದೆ. ಮೊದಲ ಚಿತ್ರದ ಹೊತ್ತಿಗೆ ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತಿದ್ದವನಿಗೆ ದಾಟಿಸಲಾಗದೆ ಹೋದದ್ದು ಅದು. ಅಪ್ಪನ ಕೈ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಕೆಳಗೆ, ಚಪ್ಪಲಿಯೊಳಗೆ, ಹೆಬ್ಬೆರಳು ತಾಳ ಹಾಕುತ್ತಿತ್ತು.

ಹೊರಬರುವಾಗ ಗಾರ್ಡ್ ನಮ್ಮನ್ನು ಗುರುತಿಸಿ, ಮೇಜಿನ ಡ್ರಾಯರಿನಿಂದ ಸ್ಕ್ರೂಡ್ರೈವರ್ ತೆಗೆದು ಕೊಟ್ಟ. ಅಪ್ಪನ ಕಿವಿಯ ವಿಷಯ ಅಷ್ಟರಲ್ಲಿ ಅಮ್ಮ ಅವನಿಗೆ ಹೇಳಿದ್ದಳು. ಅವನು ಹತ್ತಿರ ಬಂದು ಗಟ್ಟಿಯಾಗಿ ಕೇಳಿದ.

‘ಇದನ್ನ್ಯಾಕ ಸಿನಿಮಾಕ್ಕ ತಂದಿದ್ರಿ ಸಾರ್?’

‘ಹಾಡು ಕೇಳಕ್ಕೆ.’

‘ಅಯ್ಯ, ನಾ ಇಸ್ಕೊಂಬಿಟ್ನೆಲ್ರಿ. ಮತ್ತ ಹಾಡು ಕೇಳ್ಸಲಿಲ್ಲೇನ?’

‘ಕೇಳಿಸ್ತು ಕಣಪ್ಪ’ ಎಂದು ಅಪ್ಪ ಅದನ್ನು ಜೇಬಿಗೆ ಸಿಕ್ಕಿಸಿಕೊಂಡ. ‘ಈ ಸಲ ಮಧ್ಯ ಎಲ್ಲೂ ಖಾಲಿ ಓಡ್ಲಿಲ್ಲ.’